ಹಸಿರು ಎಳೆ ಬಂತು, ಕೆಂಪು ಮುಗಿದಿರಲಿಲ್ಲ

ಮಗ್ಗದಲ್ಲಿ ಹಾಸು, ಅಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆಗಳ ಸಾಲು, ಮುಗಿಯುತ್ತಾ ಬಂದಾಗ ನಮಗೆ ಕರೆ ಬರುತ್ತದೆ. ನೇಯ್ದ ಸೀರೆಗಳನ್ನು ಕತ್ತರಿಸಿಕೊಂಡರೂ ಹಳೆಯ ಹಾಸಿನ ತುದಿ ಅಚ್ಚಿನಲ್ಲೇ, ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥ ಭಾಗದಲ್ಲೇ, ಉಳಿದಿರುತ್ತದೆ. ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸಬೇಕು. ಇದನ್ನೇ ಕೆಚ್ಚುವುದು ಎನ್ನುತ್ತೇವೆ. ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದ ವರ್ಷ ಅತ್ತೆಯವರಿಂದ ಕಲಿತೆ. ಹತ್ತೊಂಬತ್ತು ವರ್ಷಗಳಾದವು.

ಬೆಂಗಳೂರಿನಿಂದ ಯಲಹಂಕ ದಾಟಿ ಬಂದರೆ ನಮ್ಮೂರು ಸುಮಾರು ನಲವತ್ತು ಕಿಲೋಮೀಟರ್. ಇಲ್ಲಿ ನೇಯ್ದ ಸೀರೆ ಚಿಕ್ಕಪೇಟೆಯ ಅಂಗಡಿಗಳಿಗೆ ಹೋಗುತ್ತದೆ. ಕೊಳ್ಳುವವರು ಬಣ್ಣ ನೋಡುತ್ತಾರೆ, ಜರಿ ನೋಡುತ್ತಾರೆ. ಕೆಚ್ಚಿದ ಗಂಟು ಅವರ ಕಣ್ಣಿಗೆ ಬೀಳುವುದೇ ಇಲ್ಲ, ಬೀಳಲೂ ಬಾರದು.

ಮಗ್ಗದ ಹಿಂಬದಿಯಲ್ಲಿ ಮಣೆ ಹಾಕಿಕೊಂಡು ಕೂರುತ್ತೇವೆ. ಹೊಸ ಹಾಸಿನ ಎಳೆಗಳ ಸಾಲು ತಪ್ಪದಂತೆ ನಡುವೆ ಎರಡು ಕೋಲು ತೂರಿಸಿರುತ್ತಾರೆ. ಒಂದು ಎಳೆ ಕೋಲಿನ ಮೇಲೆ ಹೋದರೆ ಮುಂದಿನದು ಕೆಳಗೆ. ಆ ಸಾಲಿನಿಂದ ಒಂದು, ಹಳೆಯ ತುದಿಯಿಂದ ಒಂದು ಎತ್ತಿಕೊಂಡು, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಟ್ಟಿಗೆ ಹೊಸೆದು, ತುದಿಯನ್ನು ಮಡಚಿ ಎಳೆಯ ಮೇಲೇ ಉರುಳಿಸಬೇಕು. ಬೆರಳು ಜಾರದಿರಲು ಪಕ್ಕದಲ್ಲಿ ತಟ್ಟೆಯಲ್ಲಿ ಬೂದಿ ಇರುತ್ತದೆ. ರೇಷ್ಮೆಯಂಥ ನುಣುಪು ದಾರಕ್ಕೆ ಬೂದಿಯಿಲ್ಲದೆ ಹಿಡಿತ ಸಿಗುವುದಿಲ್ಲ. ಹೆಚ್ಚಾದರೂ ಕಷ್ಟ, ತಿಳಿಬಣ್ಣದ ಸೀರೆಯಲ್ಲಿ ಕಪ್ಪು ಕಾಣುತ್ತದೆ. ನಾನು ಬೂದಿಯನ್ನು ಎರಡು ಸಲ ಬಟ್ಟೆಯಲ್ಲಿ ಸೋಸಿಕೊಳ್ಳುತ್ತೇನೆ. ನಾಲ್ಕು ಸಾವಿರಕ್ಕೂ ಮಿಕ್ಕಿದ ಎಳೆಗಳಿರುವ ಹಾಸನ್ನು ಕೆಚ್ಚಲು ಇಬ್ಬರು ಕೂತರೂ ಹಗಲೆಲ್ಲ ಬೇಕು.

ಮೊದಲ ವರ್ಷದ ಒಂದು ಹಾಸು ಇನ್ನೂ ನೆನಪಿದೆ. ಮೈ ಕೆಂಪು, ಎರಡೂ ಅಂಚು ಹಸಿರು. ಸಂಜೆಯ ಹೊತ್ತಿಗೆ ಎಡಗಡೆಯ ಅಂಚು ಸಮೀಪಿಸಿತ್ತು. ಹೊಸ ಸಾಲಿನಿಂದ ಎತ್ತಿದರೆ ಹಸಿರು ಎಳೆ ಬಂತು, ಹಳೆಯದರಲ್ಲಿ ಇನ್ನೂ ಒಂದು ಕೆಂಪು ಕಾದಿತ್ತು. ಎಲ್ಲೋ ಒಂದು ಹಳೆಯ ಎಳೆಗೆ ಹೊಸದೆರಡನ್ನು ಸೇರಿಸಿಬಿಟ್ಟಿದ್ದೆ. ಕೈ ತಣ್ಣಗಾಯಿತು. ಅತ್ತೆ ಒಂದು ಮಾತೂ ಆಡದೆ ಪಕ್ಕಕ್ಕೆ ಬಂದು ಕೂತರು. ಕಣ್ಣು ಬೇರೆಲ್ಲೋ ಇಟ್ಟು, ತೋರುಬೆರಳ ಉಗುರನ್ನು ಗಂಟುಗಳ ಮೇಲೆ ನಿಧಾನವಾಗಿ ಎಳೆಯುತ್ತಾ ಹೋದರು. ಒಂದು ಕಡೆ ಉಗುರು ನಿಂತಿತು.

"ಇಲ್ಲಿ ದಪ್ಪಗಿದೆ ನೋಡಮ್ಮ," ಎಂದರು.

ಅಲ್ಲಿಂದ ಅಂಚಿನವರೆಗೆ ಮುನ್ನೂರಕ್ಕೂ ಹೆಚ್ಚು ಎಳೆ. ಹೆಚ್ಚಾದುದನ್ನು ಕತ್ತರಿಸಿ, ಕೊನೆಯಲ್ಲಿ ಬಿಡಿ ದಾರವೊಂದನ್ನು ಹಿಂದಿನಿಂದ ಇಳಿಬಿಟ್ಟು ಸುಧಾರಿಸಬಹುದಿತ್ತು, ಹಾಗೆ ಮಾಡುವವರೂ ಇದ್ದಾರೆ. ಅತ್ತೆ ಒಪ್ಪಲಿಲ್ಲ. ಬಿಡಿ ದಾರದ ಬಿಗಿ ಹಾಸಿನ ಬಿಗಿಗೆ ಹೊಂದುವುದಿಲ್ಲ, ಪ್ರತಿ ಸೀರೆಯಲ್ಲೂ ಉದ್ದಕ್ಕೆ ಗೆರೆ ಮೂಡುತ್ತದೆ ಎಂದರು. ಇಬ್ಬರೂ ಕೂತು ಅಷ್ಟನ್ನೂ ಬಿಚ್ಚಿ ಮತ್ತೆ ಕೆಚ್ಚಿದೆವು. ಮುಗಿದಾಗ ರಾತ್ರಿ ಹತ್ತು ದಾಟಿತ್ತು. ಅಂದಿನಿಂದ ನೂರು ಎಳೆಗೊಮ್ಮೆ ಬಣ್ಣದ ದಾರದ ತುಂಡೊಂದನ್ನು ಗುರುತಿಗೆ ಕಟ್ಟುತ್ತೇನೆ.

ಕೆಚ್ಚಿ ಮುಗಿದ ಮೇಲಿನ ಗಳಿಗೆಯೇ ನಿಜವಾದ ಪರೀಕ್ಷೆ. ನೇಯುವವರು ಹಾಸನ್ನು ಮೆಲ್ಲಗೆ ಮುಂದಕ್ಕೆ ಎಳೆಯುತ್ತಾರೆ. ಗಂಟುಗಳೆಲ್ಲ, ವಿನ್ಯಾಸಕ್ಕೆ ತಕ್ಕಂತೆ ಎಳೆಗಳನ್ನು ಎತ್ತುವ ಜಕಾರ್ಡಿನ ಕಣ್ಣುಗಳಲ್ಲಿ ಹಾದು, ಅಚ್ಚಿನ ಹಲ್ಲುಗಳ ನಡುವೆ ನುಸುಳಿ ಈಚೆ ಬರಬೇಕು. ಸಡಿಲವಾಗಿದ್ದರೆ ಬಿಚ್ಚಿಕೊಳ್ಳುತ್ತದೆ, ದಪ್ಪವಾಗಿದ್ದರೆ ಸಿಕ್ಕಿ ಹರಿಯುತ್ತದೆ. ಆಗ ನಾನು ಯಾರೊಂದಿಗೂ ಮಾತನಾಡುವುದಿಲ್ಲ.

ಒಂದು ಮಾತು ಹೇಳಲೇಬೇಕು. ಹತ್ತು ಅಶ್ವಶಕ್ತಿಯವರೆಗಿನ ವಿದ್ಯುತ್ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್ ವಿದ್ಯುತ್ ಉಚಿತ ಎಂದು 2023ರಲ್ಲಿ ಸರ್ಕಾರ ಹೇಳಿದಾಗ ನಮ್ಮ ಬೀದಿಯಲ್ಲಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಮಗ್ಗ ಓಡಿದರೆ ತಾನೆ ನಮಗೂ ಕೆಲಸ? ಸೂರತ್ತಿನ ಅಗ್ಗದ ಸೀರೆ ಬಂದು ಇಲ್ಲಿನ ಮಗ್ಗ ನಿಂತಾಗ ಮೊದಲು ಬರಿಗೈಯಾಗುವವರು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ, ಕೆಚ್ಚುವ ಹೆಂಗಸರೇ. ಆದರೂ ನೇಕಾರರನ್ನು ಲೆಕ್ಕ ಹಾಕುವಾಗ ಮಗ್ಗದ ಮುಂದೆ ನಿಂತವರನ್ನು ಎಣಿಸುತ್ತಾರೆ, ಹಿಂದೆ ಕೂತವರನ್ನು ಬಿಡುತ್ತಾರೆ. ನಾವೂ ನೇಕಾರರೇ.

ಅತ್ತೆಗೆ ಈಗ ಕಣ್ಣು ಮಂಜು. ಕಳೆದ ವಾರ ಮಗಳು ರಜೆಯಲ್ಲಿ ನನ್ನ ಪಕ್ಕ ಕೂತು ಅರ್ಧ ಅಂಚು ಕೆಚ್ಚಿದಳು. ಅತ್ತೆಯವರನ್ನು ಕೈಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿದೆ. ಅವರು ಆ ಗಂಟುಗಳ ಮೇಲೆ ಉಗುರನ್ನು ಎಳೆಯುತ್ತಾ ಹೋದರು. ಉಗುರು ಎಲ್ಲಿಯೂ ನಿಲ್ಲಲಿಲ್ಲ.