ಅಪ್ಪನ ಮೀನಿನ ಪಿಕಪ್ ರಿಪೇರಿ ಮಾಡಿದ ನನ್ನ ಅನುಭವ

ಮನೆ ಹಿಂದೆ ಹಲಸಿನ ಮರದ ಅಡಿಯಲ್ಲಿ ಅಪ್ಪನ ಮಹೀಂದ್ರ ಪಿಕಪ್ ಇತ್ತು, ನಿಂತಿತ್ತು ಅನ್ನುದಕ್ಕಿಂತ ವರ್ಷ ವರ್ಷ ಸ್ವಲ್ಪ ಸ್ವಲ್ಪ ಮಣ್ಣಿಗೆ ಇಳಿತಾ ಇತ್ತು ಅನ್ಬೇಕು, ನಾಲ್ಕು ಟಯರೂ ಚಪ್ಪಟೆ, ಹಿಂದಿನ ಬಾಡಿಯಲ್ಲಿ ಎಲೆ ಕೊಳೆತು ಗೊಬ್ಬರ ಆಗಿ ಅದರಲ್ಲೊಂದು ಪಪ್ಪಾಯಿ ಗಿಡ ಬೇರೆ. 1993ರ ಗಾಡಿ. ಬೆಳಗಿನ ಜಾವ ಮಲ್ಪೆ ಬಂದರಲ್ಲಿ ಬೂತಾಯಿ ಬಂಗುಡೆ ಮೀನು ಲೋಡ್ ಮಾಡಿ ಮಣಿಪಾಲ, ಪರ್ಕಳ, ಹಿರಿಯಡ್ಕ ಆಗಿ ಕಾರ್ಕಳಕ್ಕೆ ಹೋಗುದು ಅಪ್ಪನ ಲೈನು. ಜೂನ್ ಜುಲೈ ಬೋಟು ಕಡಲಿಗೆ ಇಳಿಯುದಿಲ್ವಲ್ಲ, ಆಗ ಹಂಚು, ಗೊಬ್ಬರ, ಅಂಗಡಿ ಸಾಮಾನು, ಎಂತ ಸಿಗ್ತದೋ ಅದು. 2012ರಲ್ಲಿ ಅಪ್ಪನ ಮೊಣಕಾಲು ಕೈಕೊಟ್ಟಿತು, ಗಾಡಿ ಅಲ್ಲಿಗೆ ನಿಂತಿತು.

ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ರೇಟ್ ಹೇಳಿದ್ರು. ಅಪ್ಪ ಕೊಟ್ಟುಬಿಡು ಅಂದ್ರು. ನಾನು ಮೆಕ್ಯಾನಿಕ್ ಅಲ್ಲ, ಮಣಿಪಾಲದಲ್ಲಿ ಪ್ರಿಂಟಿಂಗ್ ಮೆಷಿನ್ ನೋಡ್ಕೊಳ್ಳುವ ಕೆಲಸ, ಆದ್ರೂ ಒಂದು ಭಾನುವಾರ ಬಾನೆಟ್ ಎತ್ತಿ ನೋಡಿದೆ, ಏರ್ ಫಿಲ್ಟರಿನಲ್ಲಿ ಇಲಿ ಗೂಡು, ಉಳಿದದ್ದೆಲ್ಲ ಇದ್ದ ಹಾಗೇ ಉಂಟು. ಅಲ್ಲಿಂದ ಸುರು ಆಯ್ತು ನೋಡಿ, ಒಟ್ಟು ಹದಿನಾಲ್ಕು ತಿಂಗಳು.

ನನ್ನ ಮೊದಲ ಐಡಿಯಾ ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುದು. ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿ ಕೂತವರು ಅಲ್ಲಿಂದಲೇ ಬೈದ್ರು, ಜಾಮ್ ಆಗಿ ಹಿಡ್ಕೊಂಡ ಎಂಜಿನ್ನಿಗೆ ಸೆಲ್ಫ್ ಹೊಡೆದ್ರೆ ಒಳಗೆ ತುಕ್ಕು ಹಿಡಿದ ಪಿಸ್ಟನ್ ರಿಂಗು ಮುರಿದು ಬೋರ್, ಅಂದ್ರೆ ಪಿಸ್ಟನ್ ಓಡಾಡುವ ಕೊಳವೆ, ಗೀರಿ ಹೋಗ್ತದೆ ಮಾರಾಯ ಅಂತ. ಈ ಎಂಜಿನ್ ಪ್ಯೂಜೋ, ನಮ್ಮ ಕಡೆ ಗ್ಯಾರೇಜಿನವರ ಬಾಯಲ್ಲಿ ಪಿಜೋಟ್, ಎಕ್ಸ್‌ಡಿಪಿ 4.90. 4.90 ಅಂದ್ರೆ ಎಂತ ಅಂತ ಇಷ್ಟು ವರ್ಷ ನಂಗೆ ಗೊತ್ತಿರ್ಲಿಲ್ಲ, ನಾಲ್ಕು ಸಿಲಿಂಡರ್, ಒಂದೊಂದರ ಬೋರಿನ ಅಗಲ 90 ಎಂಎಂ, ಅಷ್ಟೇ, ಒಟ್ಟು 2112 ಸಿಸಿ. ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರ್ ಬಿಸಿ ಮಾಡುವ ನಾಲ್ಕು ಹೀಟರ್ ಪ್ಲಗ್ ಬಿಚ್ಚಿ (ಮೂರನೇದು ಬರ್ಲಿಕ್ಕೆ ಎರಡು ದಿನ ತಕೊಂಡಿತು, ಬಲ ಹಾಕಿದ್ರೆ ಹೆಡ್ಡಿನಲ್ಲೇ ತುಂಡಾಗ್ತದೆ, ದಿನಕ್ಕೆ ಎರಡು ಸಲ ಎಣ್ಣೆ ಬಿಟ್ಟು ಕಾಯ್ಬೇಕು) ಆ ತೂತಿನಿಂದ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಸೇರ್ಸಿ ಬಿಟ್ಟೆ. ಒಂದು ವಾರ ಮುಟ್ಲಿಲ್ಲ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಉದ್ದ ಸ್ಪ್ಯಾನರ್ ಹಾಕಿ ಹಿಂದೆ ಒಂದು ಎಳೆ, ಮುಂದೆ ಒಂದು ಎಳೆ. ಐದನೇ ದಿನ ಒಂದು ಸುತ್ತು ಪೂರ್ತಿ ಬಂತು. ಪ್ಲಗ್ ಬಿಚ್ಚಿಯೇ ಇಟ್ಟು ತಿರುಗ್ಸಿ ಒಳಗಿದ್ದ ಎಣ್ಣೆ ಎಲ್ಲ ಹೊರಗೆ ಚಿಮ್ಮಿಸ್ಬೇಕು, ಇಲ್ಲದಿದ್ರೆ ಎಣ್ಣೆ ಗಾಳಿಯ ಹಾಗೆ ಒತ್ತಿದ್ರೆ ಕುಗ್ಗುದಿಲ್ಲ ಅಲ್ವಾ, ಕನೆಕ್ಟಿಂಗ್ ರಾಡ್ ಬಗ್ಗಿ ಹೋಗ್ತದೆ. ಡೀಸೆಲ್ ಪಂಪು, ನೋಝಲ್ ಕ್ಯಾಲಿಬ್ರೇಶನ್ನಿಗೆ ಕೊಟ್ಟೆ, ಟ್ಯಾಂಕ್ ಇಳಿಸಿ ತೊಳೆದೆ, ಲೈನಿನ ಏರ್ ತೆಗ್ದೆ. ಎಂಜಿನ್ ವಿಷಯ ಇಷ್ಟೇ, ನಿಜ ಹೇಳುದಾದ್ರೆ ಅದು ಸುಲಭದ ಭಾಗ.

ಕಷ್ಟ ಇದ್ದದ್ದು ಕೆಳಗೆ. ಚಾಸಿ (ಗಾಡಿಯ ಭಾರ ಹೊರುವ ಅಡಿಯ ಕಬ್ಬಿಣದ ಚೌಕಟ್ಟು) ಕೆಳಗೆ ಮಲಗಿ ಸಣ್ಣ ಸುತ್ತಿಗೆಯಲ್ಲಿ ಇಂಚು ಇಂಚು ತಟ್ಟಿಕೊಂಡು ಹೋದೆ, ಒಳ್ಳೆ ಕಬ್ಬಿಣ ಟಣ್ ಅಂತದೆ, ತುಕ್ಕು ತಿಂದದ್ದು ಬೊದ್ ಅಂತದೆ, ಬೊದ್ ಅಂದಲ್ಲಿ ಚಾಕ್ ಮಾರ್ಕ್. ಎದ್ದು ಬಂದು ನೋಡಿದ್ರೆ ಮಾರ್ಕ್ ಎಲ್ಲ ಒಂದೇ ಕಡೆ, ಎಡಗಡೆ ಹಿಂದಿನ ಆಕ್ಸಲ್ ಮೇಲಿನ ಚಾಸಿ ಮತ್ತು ಅದರ ಹಿಂದಿನ ಕ್ರಾಸ್ ಮೆಂಬರ್, ಅಂದ್ರೆ ಚಾಸಿಯ ಅಡ್ಡ ಪಟ್ಟಿ. ಬಲಗಡೆ ಕಲ್ಲಿನ ಹಾಗೆ ಗಟ್ಟಿ. ಇದೆಂತ ಹೀಗೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಬಾಡಿಯ ಹಲಗೆ ಕಿತ್ತಾಗ ಗೊತ್ತಾಯ್ತು, ಅಲ್ಲೇ ಮೇಲೆ ಎರಡು ಇಂಚಿನ ಒಂದು ಒಟ್ಟೆ. ಮೀನಿನ ಮೇಲಿನ ಐಸು ಕರಗಿದ ನೀರು ಹೋಗ್ಲಿಕ್ಕೆ ಅಪ್ಪನೇ ಕೊರೆದದ್ದಂತೆ. ಹತ್ತೊಂಬತ್ತು ವರ್ಷ ಆ ಉಪ್ಪು ನೀರು ನೇರ ಚಾಸಿ ಮೇಲೆ. ಹೋಗಿ ಕೇಳಿದ್ರೆ, ಒಟ್ಟೆ ಇಲ್ಲದಿದ್ರೆ ನೀರು ಎಂತ ಕ್ಯಾಬಿನ್ನಿಗೆ ಬಂದು ನನ್ನ ತಲೆಗೆ ಬೀಳುದಾ ಅಂತ ಉಲ್ಟಾ ಕೇಳಿದ್ರು!

ವೆಲ್ಡಿಂಗಿಗೆ ಮಲ್ಪೆಯಲ್ಲಿ ಸ್ಟೀಲ್ ಬೋಟಿನ ಕೆಲಸ ಮಾಡುವ ಒಬ್ಬರು ಸಿಕ್ಕಿದ್ರು, ನನ್ನ ಪುಣ್ಯ. ಅದಕ್ಕಿಂತ ಮೊದಲು ಒಬ್ಬರು ಬಂದು ತುಕ್ಕಿನ ಮೇಲೇ ಒಂದು ಪ್ಲೇಟ್ ಅಂಟಿಸಿ ಕೊಡ್ತೇನೆ, ಅರ್ಧ ದಿನದ ಕೆಲಸ ಅಂದಿದ್ರು, ಅವರಿಗೆ ಚಾ ಕೊಟ್ಟು ಕಳ್ಸಿದೆ. ಬೋಟಿನವರ ಲೆಕ್ಕ ಬೇರೆ, ಹೊಳೆಯುವ ಕಬ್ಬಿಣ ಸಿಗುವವರೆಗೆ ಕತ್ತರಿಸ್ಬೇಕು, ಮತ್ತೆ ತುಂಡು ಇಡುದು. ಪ್ಲೇಟ್ ಚೌಕ ಕತ್ತರಿಸ್ಲಿಲ್ಲ, ಎರಡೂ ತುದಿ ಓರೆ ಮಾಡಿ ಗಾಳಿಪಟದ ಹಾಗೆ ಕತ್ತರಿಸಿದ್ರು, ಯಾಕೆಂದ್ರೆ ಚಾಸಿಗೆ ಅಡ್ಡ ನೆಟ್ಟಗೆ ವೆಲ್ಡ್ ಬಂದ್ರೆ ಲೋಡ್ ಬಿದ್ದಾಗ ಅದೇ ಗೆರೆಯಲ್ಲಿ ಸೀಳು ಬಿಡ್ತದೆ, ಓರೆ ಇದ್ರೆ ಭಾರ ಹಂಚಿ ಹೋಗ್ತದೆ. ನಂಗೆ ಇದು ಯಾರೂ ಹೇಳಿರ್ಲಿಲ್ಲ. ಬ್ಯಾಟರಿ ಕೇಬಲ್, ಆಲ್ಟರ್ನೇಟರ್ ವಯರ್ ಮೊದಲೇ ಬಿಚ್ಚಿ ಇಡಿ, ಆರ್ಕ್ ಹೊಡೆದಾಗ ಡಯೋಡ್ ಹೋಗ್ತದೆ.

ಇಲ್ಲಿ ನಾನು ಮಾಡಿದ ದೊಡ್ಡ ಪೆದ್ದು ಕೆಲಸ ಹೇಳ್ಬೇಕು. ವೆಲ್ಡಿಂಗ್ ಮುಗಿದದ್ದು ಮೇ ಕೊನೆಗೆ, ಮಳೆ ಬರುವ ಅರ್ಜೆಂಟಿನಲ್ಲಿ ಗ್ರೈಂಡರ್ ಬ್ರಶ್ ಹಾಕಿ ಉಜ್ಜಿ ಇಡೀ ಚಾಸಿಗೆ ರೆಡ್ ಆಕ್ಸೈಡ್, ಅಂದ್ರೆ ಪೈಂಟಿನ ಅಡಿಗೆ ಹೊಡೆಯುವ ಕೆಂಪು ಪ್ರೈಮರ್, ಬಳಿದು, ಮೇಲಿನ ಪೈಂಟ್ ಮಳೆ ಬಿಟ್ಟ ಮೇಲೆ ಹೊಡೆದ್ರಾಯ್ತು ಅಂತ ಬಿಟ್ಟೆ. ಆಟಿಯಲ್ಲಿ (ಜುಲೈ-ಆಗಸ್ಟಿಗೆ ಬರುವ ತುಳು ತಿಂಗಳು) ಟಾರ್ಪಲ್ ಎತ್ತಿ ನೋಡ್ತೇನೆ, ರೆಡ್ ಆಕ್ಸೈಡ್ ಒಳಗಿಂದ ಸಣ್ಣ ಸಣ್ಣ ಗುಳ್ಳೆ, ಉಗುರಿನಲ್ಲಿ ಒತ್ತಿದ್ರೆ ಒಳಗೆ ಹೊಸ ತುಕ್ಕು. ಎರಡು ತಪ್ಪು. ಒಂದು, ಬರೀ ರೆಡ್ ಆಕ್ಸೈಡ್ ನೀರು ಹೀರ್ತದೆ, ಮೇಲೆ ಪೈಂಟ್ ಇಲ್ಲದೆ ನಮ್ಮ ಮಳೆಗಾಲಕ್ಕೆ ಬಿಡ್ಲೇಬಾರ್ದು. ಇನ್ನೊಂದು ದೊಡ್ಡದು, ನಾನು ತುಕ್ಕು ಉಜ್ಜಿದ್ದೆ, ಉಪ್ಪು ತೊಳೆದಿರ್ಲಿಲ್ಲ. ಕಬ್ಬಿಣದ ಸಣ್ಣ ಸಣ್ಣ ಗುಳಿಯಲ್ಲಿ ಉಪ್ಪು ಕೂತಿರ್ತದೆ, ಕಣ್ಣಿಗೆ ಕಾಣುದಿಲ್ಲ, ಹವೆಯಲ್ಲಿದ್ದ ನೀರು ಎಳ್ಕೊಂಡು ಪೈಂಟಿನ ಅಡಿಯಲ್ಲೇ ಕೆಲಸ ಸುರು ಮಾಡ್ತದೆ. ಎಲ್ಲ ಪುನಃ ಕೆರೆದೆ. ಈ ಸಲ ಬಾವಿ ನೀರಲ್ಲಿ ಪ್ರೆಶರ್ ವಾಶ್, ಒಣಗ್ಸುದು, ಉಜ್ಜುದು, ಪುನಃ ವಾಶ್, ಹೀಗೆ ಮೂರು ಸಲ, ಅದೂ ನವೆಂಬರಿನ ಬಿಸಿಲಿಗೆ ಕಾದು, ಆಮೇಲೆ ಎಪಾಕ್ಸಿ ಪ್ರೈಮರ್, ಮೇಲೆ ಎರಡು ಕೋಟ್ ಕಪ್ಪು. ಅರ್ಜೆಂಟ್ ಮಾಡಿ ಉಳಿಸಿದ್ದು ಒಂದು ವಾರ, ಕಳೆದದ್ದು ಆರು ತಿಂಗಳು.

ಬಾಡಿಯ ಹಲಗೆಗೆ ಕಿರಾಲುಬೋಗಿ ಅನ್ನುವ ಗಟ್ಟಿ ಮರ ಹಾಕಿದೆ, ಹಳೇ ಮನೆ ಕೆಡವಿದಲ್ಲಿ ಮಾಡಿನ ಪಕ್ಕಾಸು ಸಿಕ್ಕಿತ್ತು, ಮೊಳೆ ಇಳಿಯುದೇ ಇಲ್ಲ, ಒಂದೊಂದಕ್ಕೂ ಡ್ರಿಲ್ ಮಾಡ್ಬೇಕು. ಅದಕ್ಕೆ ವಾರ್ನಿಶ್ ಅಲ್ಲ, ಗೇರೆಣ್ಣೆ. ದೋಣಿಗೆ ಬಳಿಯುವ ಅದೇ ಗೇರುಬೀಜದ ಸಿಪ್ಪೆಯ ಎಣ್ಣೆ, ನೀರಿಗೂ ಹುಳಕ್ಕೂ ಜಗ್ಗುದಿಲ್ಲ. ಗ್ಲೌಸ್ ಹಾಕಿದ್ದೆ, ಆದ್ರೆ ಅರ್ಧ ತೋಳಿನ ಅಂಗಿ. ಮಣಿಕಟ್ಟಿನಿಂದ ಮೇಲೆ ಎರಡು ವಾರ ಬೊಕ್ಕೆ, ತುರಿಕೆ, ಆಫೀಸಿನಲ್ಲಿ ಎಲ್ಲರೂ ಎಂತ ಆಯ್ತು ಎಂತ ಆಯ್ತು ಅಂತ. ಉದ್ದ ತೋಳಿನದ್ದೇ ಹಾಕಿ.

ಬ್ರೇಕ್ ಬಗ್ಗೆ ಜಾಸ್ತಿ ಹೇಳ್ಲಿಕ್ಕೆ ಇಲ್ಲ, ಹಳೇದು ಯಾವುದನ್ನೂ ನಂಬಬೇಡಿ, ವೀಲ್ ಸಿಲಿಂಡರ್ ನಾಲ್ಕೂ ಜಾಮ್, ರಬ್ಬರ್ ಹೋಸ್ ಹೊರಗಿಂದ ಚಂದ ಕಂಡ್ರೂ ಒಳಗೆ ಉಬ್ಬಿರ್ತದೆ, ಎಲ್ಲ ಹೊಸತು ಹಾಕಿದೆ. ವಯರಿಂಗೂ ಹಾಗೇ.

ಕಲರ್ ಹಳೇ ನೀಲಿಯೇ ಇಟ್ಟೆ. ಚೇಂಜ್ ಮಾಡಿದ್ರೆ ಆರ್‌ಸಿಯಲ್ಲಿ (ಗಾಡಿಯ ರಿಜಿಸ್ಟ್ರೇಶನ್ ಪತ್ರ) ಎಂಟ್ರಿ ಮಾಡಿಸ್ಬೇಕು ಅನ್ನುದು ಒಂದು ಕಾರಣ, ಮೊದಲೇ ಎಫ್‌ಸಿಗೆ, ಅಂದ್ರೆ ಫಿಟ್ನೆಸ್ ಸರ್ಟಿಫಿಕೇಟಿಗೆ, ಓಡಾಡ್ಲಿಕ್ಕುಂಟು. ಗ್ಲಾಸಿನ ಮೇಲೆ ಬ್ರಶ್ಶಿನಲ್ಲಿ ಬರೆದ ಶ್ರೀ ಮಹಾಲಕ್ಷ್ಮೀ, ಕ್ಷ್ಮೀ ಅರ್ಧ ಅಳಿಸಿ ಹೋಗಿದೆ, ಪೈಂಟರ್ ಸ್ಟಿಕ್ಕರ್ ಹಾಕುವ ಅಂದ್ರು, ಬೇಡ ಅಂದೆ, ಮಾಸ್ಕಿಂಗ್ ಟೇಪ್ ಹಾಕಿ ಅದನ್ನು ಹಾಗೇ ಉಳ್ಸಿದೆ. ಒಟ್ಟು ಖರ್ಚು ಎರಡೂವರೆ ಲಕ್ಷ ದಾಟಿದೆ, ಮನೆಯಲ್ಲಿ ಒಂದೂವರೆ ಅಂತ ಹೇಳಿದ್ದೇನೆ.

ಎಫ್‌ಸಿ ಆದ ಮರುದಿನ ಅಪ್ಪನನ್ನು ಪಕ್ಕದ ಸೀಟಿನಲ್ಲಿ ಕೂರ್ಸಿದೆ. ಹೀಟರ್ ಹಾಕಿ ಇಪ್ಪತ್ತರವರೆಗೆ ಎಣಿಸು ಅಂದ್ರು, ನಾನು ಹನ್ನೆರಡಕ್ಕೇ ಸೆಲ್ಫ್ ಹೊಡೆದೆ, ಹಿಡೀಲಿಲ್ಲ, ಪುನಃ ಅವರೇ ತುಳುವಿನಲ್ಲಿ ಎಣಿಸಿದ್ರು, ಇರ್ವ, ಅಂದ್ರೆ ಇಪ್ಪತ್ತು, ಅನ್ನುವಾಗ ಹೊಡೆದೆ, ಹಿಡೀತು. ಕಾರ್ಕಳದವರೆಗೆ ಹೋಗಿ ಬಂದೆವು, ವಾಪಸ್ ಬರುವಾಗ ಪರ್ಕಳದ ಏರಿನಲ್ಲಿ ಸೆಕೆಂಡಿಗೆ ಇಳ್ಸು ಅಂತ ನನಗಿಂತ ಮೊದಲೇ ಅವರ ಎಡಗಾಲು ಕ್ಲಚ್ ತುಳಿಯುವ ಹಾಗೆ ಆಡ್ತಿತ್ತು. ಗಾಡಿ ಬಗ್ಗೆ ಒಂದು ಮಾತು ಹೇಳ್ಲಿಲ್ಲ. ಮನೆಗೆ ಬಂದು ಇಳಿದವರು ಅಮ್ಮನ ಹತ್ರ ಒಂದು ಕೊಡಪಾನ ನೀರು ತರಿಸಿ ಹಿಂದಿನ ಬಾಡಿಗೆ ಸುರಿಸಿದ್ರು. ನಾನು ಈ ಸಲ ಒಟ್ಟೆಗೆ ಪೈಪ್ ಹಾಕಿ ನೀರು ಚಾಸಿ ದಾಟಿ ಹಿಂದೆ ಬೀಳುವ ಹಾಗೆ ಮಾಡಿದ್ದೆ, ಅದು ನನ್ನ ಹೆಮ್ಮೆಯ ಕೆಲಸ. ಅವರು ಕೋಲು ಊರಿ ಬಗ್ಗಿ ನೀರು ಎಲ್ಲಿ ಬೀಳ್ತದೆ ಅಂತ ಪೂರ್ತಿ ಖಾಲಿ ಆಗುವವರೆಗೆ ನೋಡಿದ್ರು.

"ಒಂದು ಇಂಚು ಗಿಡ್ಡ ಆಯ್ತು, ಬಂಪರಿಗೆ ತಾಗ್ತದೆ."

ನಾನೂ ಬಗ್ಗಿ ನೋಡಿದೆ. ತಾಗ್ತದೆ. ಬರುವ ಭಾನುವಾರ ಉಡುಪಿಗೆ ಹೋಗಿ ಪೈಪ್ ತರ್ಬೇಕು.