ಅಡಿಕೆ ದಬ್ಬೆಯ ಗೇಟು: ನನ್ನ ಅನುಭವ

ಮಗಳು ಅಂಬೆಗಾಲಿಡಲು ಆರಂಭಿಸಿದ ಎಂಟನೆಯ ತಿಂಗಳಿನಿಂದ, ಸಾಗರ ಪಟ್ಟಣದ ಸಮೀಪದ ನಮ್ಮ ಹಳೆಯ ಮನೆಯಲ್ಲಿ ಬಚ್ಚಲಿನ ಬಾಗಿಲು ಕಾಯುವುದೇ ನನ್ನ ದೊಡ್ಡ ಕೆಲಸವಾಗಿತ್ತು. ಒಳಗೆ ಬೆಂಕಿ ಆರದ ಒಲೆ, ಅದರ ಮೇಲೆ ಬಿಸಿನೀರಿನ ಹಂಡೆ, ಪಕ್ಕದಲ್ಲಿ ತುಂಬಿದ ತೊಟ್ಟಿ. ತಲೆಕೆಳಗಾಗಿ ಬಿದ್ದ ಕೂಸಿನ ಉಸಿರುಗಟ್ಟಿಸಲು ಬಕೆಟ್ಟಿನ ತಳದಲ್ಲಿ ಉಳಿದ ಎರಡು ಇಂಚು ನೀರೇ ಸಾಕೆಂಬುದನ್ನು ಇಂಥ ಮನೆಯಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ನಾನು ಹೇಳಬೇಕಾಗಿಲ್ಲ. "ನಿಮ್ಮನ್ನೆಲ್ಲ ಇದೇ ಮನೆಯಲ್ಲಿ ಬೆಳೆಸಲಿಲ್ಲವೇ?" ಎಂದು ಅಜ್ಜಿ ಕೇಳಿದಾಗ, ನನ್ನ ಎಡ ಮೊಣಕೈಯಲ್ಲಿರುವ ಸುಟ್ಟ ಕಲೆಯನ್ನು ತೋರಿಸಿ ಸುಮ್ಮನಾದೆ.

ಮೊದಲು ಹಣ ಕಳೆದುಕೊಂಡ ಕಥೆ. ಎರಡು ಗೋಡೆಗಳ ನಡುವೆ ಒತ್ತಿ ನಿಲ್ಲಿಸುವ ಕಬ್ಬಿಣದ ಗೇಟನ್ನು ಸುಮಾರು 3,800 ರೂಪಾಯಿ ಕೊಟ್ಟು ತರಿಸಿದೆ. ನಮ್ಮದು ಮಣ್ಣಿನ ಗೋಡೆ. ತಿರುಪು ಬಿಗಿ ಮಾಡಿದಷ್ಟೂ ಗಾರೆ ಉದುರಿತೇ ಹೊರತು ಗೇಟು ನಿಲ್ಲಲಿಲ್ಲ. ಕಂಬದ ಮೂಲೆಗಳಿಗೆ ಅಂಟಿಸಿದ 450 ರೂಪಾಯಿಯ ಸ್ಪಂಜುಗಳು ಆಷಾಢದ ತೇವಕ್ಕೆ ಕಳಚಿಕೊಂಡವು, ಅವುಗಳಲ್ಲಿ ಒಂದು ಮಗಳ ಬಾಯಲ್ಲಿಯೇ ಸಿಕ್ಕಿತು. ಆಮೇಲೆ ಉಣುಗೋಲಿನ (ಬೇಲಿಯ ದಾರಿಗೆ ಅಡ್ಡ ಜಾರಿಸುವ ಗಳಗಳ) ಮಾದರಿಯಲ್ಲಿ ಅಡ್ಡಗಳುಗಳನ್ನು ಹಾಕಿದೆ. ದನಗಳನ್ನು ತಲೆಮಾರುಗಳಿಂದ ತಡೆದ ಆ ಏರ್ಪಾಡನ್ನು ನನ್ನ ಮಗಳು ಹದಿಮೂರನೆಯ ತಿಂಗಳಿಗೆ ಏಣಿ ಮಾಡಿಕೊಂಡಳು.

ಅಡ್ಡ ಹಾಕಿದ್ದೇ ತಪ್ಪೆಂದು ತಿಳಿದ ಮೇಲೆ ದಬ್ಬೆಯನ್ನು, ಅಂದರೆ ಅಡಿಕೆ ಮರ ಸೀಳಿದ ಪಟ್ಟಿಯನ್ನು, ಲಂಬವಾಗಿ ನಿಲ್ಲಿಸುವ ಯೋಚನೆ ಬಂತು. "ದಬ್ಬೆಯೇನಿದ್ದರೂ ಚಪ್ಪರಕ್ಕೆ, ಬಾಗಿಲಿಗಲ್ಲ" ಎಂದು ಪಕ್ಕದ ಮನೆಯ ಮಾವ ನಕ್ಕರು. ತೋಟದಲ್ಲಿ ಗಾಳಿಗೆ ಬಿದ್ದಿದ್ದ ಹಳೆಯ ಮರವೊಂದನ್ನು ಸೀಳಿ, ತಿರುಳು ಕೆತ್ತಿ, ಒಂದೂವರೆ ಇಂಚು ಅಗಲದ ಪಟ್ಟಿಗಳನ್ನು ಮಾಡಿಸಿದೆ. ಇಲ್ಲಿ ಆತುರ ಸಲ್ಲದು: ದಬ್ಬೆಯ ಸಿಬಿರು ಎಳೆಯ ಅಂಗೈಗೆ ಹೊಕ್ಕರೆ ಸುಲಭಕ್ಕೆ ಈಚೆಗೆ ಬರುವುದಿಲ್ಲವಾದ್ದರಿಂದ, ಮರಳು ಕಾಗದದಲ್ಲಿ ಎರಡು ಸಂಜೆ ಉಜ್ಜಿ, ಹಳೆಯ ಹತ್ತಿ ಬಟ್ಟೆಯನ್ನು ಎಳೆದು ನೋಡಿ, ಎಲ್ಲಿಯೂ ಎಳೆ ಸಿಕ್ಕಿಕೊಳ್ಳದ ಮೇಲೆಯೇ ಜೋಡಿಸಿದೆ. ನಡುವಿನ ಅಂತರ ಮೂರು ಬೆರಳು, ಅಂದರೆ ಸುಮಾರು ಎರಡು ಇಂಚು. ಮೊದಲ ಜೋಡಣೆಯಲ್ಲಿ ನಾಲ್ಕು ಇಂಚು ಬಿಟ್ಟಿದ್ದೆ. ಕಾಲು ಮತ್ತು ಸೊಂಟ ತೂರಿ ತಲೆ ಸಿಕ್ಕಿಕೊಳ್ಳುವ ಅಳತೆ ಅದೇ ಎಂಬುದು ಹೊಳೆದೊಡನೆ ಎಲ್ಲವನ್ನೂ ಬಿಚ್ಚಿಸಿದೆ. ಎತ್ತರ ಸುಮಾರು 32 ಇಂಚು. ಬಿಜಾಗರಿಗಳನ್ನು ಗೋಡೆಗೆ ಹೊಡೆಯದೆ ಮರದ ದಾರಂದಕ್ಕೆ (ಬಾಗಿಲಿನ ಚೌಕಟ್ಟಿಗೆ) ಹೊಡೆಸಿದೆ.

ಮರ ಕೊರೆಯುವ ಕುಟ್ಟೆ ಹುಳು ಹಿಡಿಯದಿರಲು ಗೇರೆಣ್ಣೆ ಬಳಿಯಬೇಕೆಂದು ಆಚಾರಿ ಹಟ ಹಿಡಿದರು. ಗೇರುಬೀಜದ ಸಿಪ್ಪೆಯ ಎಣ್ಣೆ ಮರಕ್ಕೆ ಒಳ್ಳೆಯದು ನಿಜ, ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ನನ್ನ ಮಗಳಾದರೋ ಕಂಡದ್ದನ್ನೆಲ್ಲ ನೆಕ್ಕುವ ವಯಸ್ಸಿನವಳು. ಬಣ್ಣವಿಲ್ಲದ ಶುದ್ಧ ಅಗಸೆ ಎಣ್ಣೆಯನ್ನು ಎರಡು ಸಲ ಬಳಿದು ಹದಿನೈದು ದಿನ ಒಣಗಿಸಿದೆ.

ಗೇಟು ಗಟ್ಟಿಯಾಗಿದ್ದರೂ ಒಂದು ತಿಂಗಳು ಸೋತದ್ದು ಬೇರೆಯೇ ಕಾರಣಕ್ಕೆ. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಬಂದವರು, ಕೈಕಾಲು ತೊಳೆಯಲು ಹೋದ ನೆಂಟರು, ಕೊನೆಗೆ ನಾನೂ ಅದನ್ನು ತೆರೆದಿಟ್ಟೇ ಬರುತ್ತಿದ್ದೆವು. ಒಂದು ಸಂಜೆ ಮಗಳು ಹಂಡೆಯ ಒಲೆಯಿಂದ ಎರಡು ಮಾರು ದೂರದಲ್ಲಿ ಬೂದಿ ಆಡುತ್ತ ಕುಳಿತಿದ್ದಳು. ಅಂದಿನಿಂದ ಗೇಟು ತಾನೇ ಮುಚ್ಚಿಕೊಳ್ಳುವಂತೆ ಮಾಡುವುದರ ಬೆನ್ನು ಹತ್ತಿದೆ. ಹಗ್ಗಕ್ಕೆ ಕಲ್ಲು ಕಟ್ಟಿ ನೋಡಿದೆ. ಕುತ್ತಿಗೆಯ ಎತ್ತರದಲ್ಲಿ ಹಗ್ಗ ತೂಗುವುದು ಹಂಡೆಗಿಂತ ಕಡಿಮೆ ಅಪಾಯವಲ್ಲವೆಂದು ಅದೇ ದಿನ ತೆಗೆದೆ. ಕಡೆಗೆ ಬಿಜಾಗರಿಗಳನ್ನೇ ಸ್ವಲ್ಪ ಓರೆಯಾಗಿ ಕೂರಿಸಿದಾಗ ಗೇಟು ತನ್ನ ಭಾರಕ್ಕೇ ತಿರುಗಿ ಬಂದು ಚಿಲಕಕ್ಕೆ ಕೂತಿತು. ಎಷ್ಟು ಓರೆ, ಮೇಲಿನದೋ ಕೆಳಗಿನದೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮೂರು ಸಲ ದಾರಂದ ಕೊರೆಸಿ ಕಲಿತ ವಿದ್ಯೆ ಅದು.

ಈ ನಡುವೆ ಅಜ್ಜಿಯ ಮಾತಿಗೆ ಕಾಲಿಗೆ ಗೆಜ್ಜೆ ಕಟ್ಟಿಯೂ ನೋಡಿದೆ. ಮಗು ಎಲ್ಲಿದೆ ಎಂಬುದು ಚೆನ್ನಾಗಿಯೇ ತಿಳಿಯುತ್ತಿತ್ತು, ಆದರೆ ಆರನೆಯ ದಿನ ಒಂದು ಗೆಜ್ಜೆಕಾಳು ಕಳಚಿ ಬಿತ್ತು. ಒಂದೂಕಾಲು ಇಂಚಿನ ಕೊಳವೆಯಲ್ಲಿ ತೂರುವ ಯಾವ ವಸ್ತುವೂ ಗಂಟಲಿಗೆ ಅಪಾಯವೆಂಬ ಲೆಕ್ಕದಲ್ಲಿ ಮನೆಯನ್ನೆಲ್ಲ ಜಾಲಾಡಿದಾಗ ಮೊದಲು ಸಿಕ್ಕಿದ್ದು ನಮ್ಮದೇ ಚಾಲಿ (ಒಣಗಿಸಿ ಸುಲಿದ) ಅಡಿಕೆ. ಕವಳದ (ಎಲೆ-ಅಡಿಕೆಯ) ಹರಿವಾಣವೂ ಅಂದೇ ಗೂಡಿಗೇರಿತು. ಹಿಚುಕಿದರೆ ಚಿಮ್ಮುವ ಸುಣ್ಣದ ಪ್ಯಾಕೆಟ್ಟು ಮಕ್ಕಳ ಕಣ್ಣನ್ನೇ ಕಳೆಯಬಲ್ಲದು ಎಂಬುದನ್ನು ಕವಳ ಹಾಕುವ ಹಿರಿಯರಿಗೆ ಒಪ್ಪಿಸಲು ಗೇಟು ಮಾಡಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ವಿಷಕಾರಿ ಮೈಲುತುತ್ತ ನೀಲಿ ಕಲ್ಲುಸಕ್ಕರೆಯಂತೆ ಹೊಳೆಯುವುದರಿಂದ ಅದಕ್ಕೆ ಅಟ್ಟದಲ್ಲಿ ಬೀಗದ ಪೆಟ್ಟಿಗೆಯನ್ನೇ ಮಾಡಿಸಿದೆ.

ಗೇಟಿನ ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ ಆಚಾರಿಗೆ ಒಂದೂವರೆ ದಿನದ ಕೂಲಿ 1,500, ಬಿಜಾಗರಿ ಮತ್ತು ಚಿಲಕಕ್ಕೆ 240, ಎಣ್ಣೆಗೆ 150, ದಬ್ಬೆ ಮನೆಯದೇ. ದಾರಂದ ಕೊರೆಸಿದ ಕೂಲಿಯನ್ನು ಇದರಲ್ಲಿ ಸೇರಿಸಿಲ್ಲ. ಅಂದು ನಕ್ಕಿದ್ದ ಮಾವ, ಮೊಮ್ಮಗ ಬರುತ್ತಾನೆಂದು ಕಳೆದ ತಿಂಗಳು ಅಳತೆ ಟೇಪು ಹಿಡಿದು ಬಂದಿದ್ದರು. ಅವರ ಬಚ್ಚಲಿನ ದಾರಂದ ನಮ್ಮದಕ್ಕಿಂತ ಏಳು ಇಂಚು ಅಗಲವಿರುವುದರಿಂದ ಎರಡು ದಬ್ಬೆ ಹೆಚ್ಚು ಬೇಕಾಗುತ್ತದೆ.