ಮಿಲ್ಲರ್ ಸೂಚ್ಯಂಕ: ಸಮತಲ ಮೂಲಬಿಂದುವಿನಲ್ಲೇ ಹಾದುಹೋದರೆ?

ಬಿ.ಎಸ್‌ಸಿ. ಓದುವವರು ಮಿಲ್ಲರ್ ಸೂಚ್ಯಂಕದಲ್ಲಿ (ಹರಳಿನ ಸಮತಲವೊಂದು ಅಕ್ಷಗಳನ್ನು ಕತ್ತರಿಸುವ ದೂರಗಳ ವಿಲೋಮದಿಂದ ಅದನ್ನು ಗುರುತಿಸುವ ಮೂರು ಅಂಕಿಗಳು) ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಒಂದೇ ಕಡೆ: ಸಮತಲ ಮೂಲಬಿಂದುವಿನ ಮೂಲಕವೇ ಹಾದುಹೋದಾಗ. ಅಕ್ಷವನ್ನು ಕತ್ತರಿಸುವ ದೂರ ಸೊನ್ನೆ, ಅದರ ವಿಲೋಮ ಅನಂತ. ಲೆಕ್ಕ ಅಲ್ಲಿಗೇ ನಿಂತುಬಿಡುತ್ತದೆ. ಆಗ ಮೂಲಬಿಂದುವನ್ನೇ ಹರಳಿನಲ್ಲಿ ಮತ್ತೆ ಮತ್ತೆ ಬರುವ ಮೂಲ ಘಟಕದ, ಅಂದರೆ ಯೂನಿಟ್ ಸೆಲ್‌ನ ಬೇರೊಂದು ಮೂಲೆಗೆ, ಆ ಸಮತಲ ಮುಟ್ಟದ ಮೂಲೆಗೆ, ಸರಿಸಿ. ಹರಳಿನಲ್ಲಿ ಎಲ್ಲ ಮೂಲೆಗಳೂ ಸಮಾನ, ಹಾಗಾಗಿ ಉತ್ತರ ಕೆಡುವುದಿಲ್ಲ. ಮೂರೂ ಚಿಹ್ನೆಗಳು ಒಟ್ಟಿಗೆ ತಿರುಗಿ ಬಂದರೂ ಗಾಬರಿ ಬೇಡ, ಅದೇ ಸಮಾಂತರ ಸಮತಲಗಳ ಸಾಲು.

ಉಳಿದದ್ದು ಸುಲಭ. ಅಕ್ಷಗಳನ್ನು 2, 3, 1ರಲ್ಲಿ ಕತ್ತರಿಸಿದರೆ ವಿಲೋಮ 1/2, 1/3, 1. ಭಿನ್ನರಾಶಿ ಹೋಗಲು 6ರಿಂದ ಗುಣಿಸಿದರೆ (326). ಅಕ್ಷಕ್ಕೆ ಸಮಾಂತರವಾದರೆ 0. ಋಣ ಅಂಕಿಯ ತಲೆಮೇಲಿನ ಗೆರೆ ಮಾತ್ರ ದಯವಿಟ್ಟು ಮರೆಯಬೇಡಿ.

ಘನಾಕೃತಿಯ (ಕ್ಯೂಬಿಕ್) ಹರಳಿನಲ್ಲಿ ಸಮತಲಗಳ ಅಂತರ ಬೇಕೇ? ಮೂರೂ ಅಂಕಿಗಳ ವರ್ಗ ಕೂಡಿಸಿ, ಅದರ ವರ್ಗಮೂಲದಿಂದ ಸೆಲ್ ಅಂಚನ್ನು ಭಾಗಿಸಿ. ಸಿಲಿಕಾನ್‌ನ ಅಂಚು 5.43 ಆಂಗ್‌ಸ್ಟ್ರಾಮ್, (111) ಅಂತರ ಸುಮಾರು 3.14.